ಮಂಗಳವಾರದ ಅಗ್ಗದ ಟಿಕೆಟ್ಟು

ಆರು ವಾರ ನಾನು ದಿನವೂ ಬೆಳಿಗ್ಗೆ ಏಳೂವರೆಗೆ, ಬೆಂಗಳೂರಿನಿಂದ ಮುಂಬೈಗೆ ಹೋಗುವ ವಿಮಾನಗಳ ದರ ನೋಡಿ ಗೆರೆ ಹಾಕಿದ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದೆ. ಬೇರೆ ಹೊತ್ತಿನಲ್ಲಿ ನೋಡುತ್ತಿರಲಿಲ್ಲ. ಪೀಣ್ಯದ ಕಾರ್ಖಾನೆಯೊಂದರ ಅಳತೆ ಕೋಣೆಯಲ್ಲಿ ಮೂವತ್ತೊಂದು ವರ್ಷ ಗೇಜುಗಳನ್ನು ಪರೀಕ್ಷಿಸಿದವನು ನಾನು. ಒಂದೇ ಹೊತ್ತು, ಒಂದೇ ಕೈ, ಒಂದೇ ಬೆಳಕು ಇದ್ದರೆ ಮಾತ್ರ ಇವತ್ತಿನ ಅಳತೆಯನ್ನು ನಿನ್ನೆಯದರ ಪಕ್ಕ ಇಟ್ಟು ನೋಡಬಹುದು ಎಂದು ಅಲ್ಲಿ ಕಲಿತಿದ್ದೆ. ನಿವೃತ್ತಿಯಾದರೂ ಆ ಚಟ ಹೋಗಿರಲಿಲ್ಲ.

ಅಕ್ಕ ಚಹಾದ ಲೋಟ ಹಿಡಿದು ಎದುರಿಗೆ ಕೂರುತ್ತಿದ್ದಳು.

"ಇವತ್ತ ಎಷ್ಟೈತಿ?"

"ನಿನ್ನೇಕಿಂತ ಏರೇತಿ."

"ಉಳ್ಳಾಗಡ್ಡಿ ರೇಟಿನಂಗ ಆತಲ್ಲೋ ಇದು. ಉಳ್ಳಾಗಡ್ಡಿ ಏರಿದ್ರ ಮಳಿ ಹತ್ತಿತು ಅಂತಾರ. ಇದಕ್ಕ ಯಾವ ಮಳಿ?"

ನಾನು ದರ ಬರೆದುಕೊಳ್ಳುತ್ತಿದ್ದೆ.

ವಿಮಾನ ನಮಗೆ ಬೇಕಾಗಿದ್ದದ್ದು ಹಡಗು ಹತ್ತುವುದಕ್ಕಾಗಿ. ಜನವರಿಯ ಒಂದು ಬುಧವಾರ ಸಂಜೆ ಮುಂಬೈ ಬಂದರಿನಿಂದ ಹೊರಟು, ಎರಡು ರಾತ್ರಿ ಸಮುದ್ರದಲ್ಲಿ ಕಳೆದು, ಶುಕ್ರವಾರ ಗೋವಾದಲ್ಲಿ ಇಳಿಸುವ ಪ್ರವಾಸದ ಹಡಗು ಅದು. ಅದರ ಹಣ ಕಟ್ಟಿಯಾಗಿತ್ತು. ಹತ್ತುವುದು ಒಂದು ಊರಿನಲ್ಲಿ, ಇಳಿಯುವುದು ಇನ್ನೊಂದರಲ್ಲಿ ಆದ್ದರಿಂದ ಹೋಗುವ ಟಿಕೆಟ್ಟನ್ನೂ ಬರುವ ಟಿಕೆಟ್ಟನ್ನೂ ಬೇರೆಬೇರೆಯಾಗಿ ಹುಡುಕಬೇಕಿತ್ತು. ರೈಲಿನಲ್ಲಿ ಅಷ್ಟು ಹೊತ್ತು ಕೂರಲು ಅಕ್ಕನ ಸೊಂಟ ಒಪ್ಪುತ್ತಿರಲಿಲ್ಲ. ನನ್ನ ಹೆಂಡತಿಯಂತೂ, "ನನಗ ಬಸ್ಸಿನಾಗ ತಲಿ ತಿರುಗ್ತೈತಿ, ಹಡಗು ನಿಮಗ ಇರಲಿ, ಅಕ್ಕ-ತಮ್ಮ ಹೋಗಿ ಬರ್ರಿ" ಎಂದು ಹೇಳಿ ಧಾರವಾಡಕ್ಕೆ ತಂಗಿಯ ಮನೆಗೆ ಹೊರಟುಹೋದಳು.

ಅವಸರಕ್ಕೆ ಕಾರಣ ಅಕ್ಕನ ಕಣ್ಣು. ಆರ್.ಟಿ. ನಗರದ ಕಣ್ಣಿನ ಡಾಕ್ಟರು ನರ ಒಣಗುತ್ತ ಬಂದಿದೆ, ಅಂಚಿನ ನೋಟ ಆಗಲೇ ಹೋಗಿದೆ, ನಡುವಿನದು ಎಷ್ಟು ದಿನವೋ ಹೇಳಲಾಗದು, ಹನಿ ಹಾಕುತ್ತಿರಿ ಎಂದಿದ್ದರು. ಹೊರಗೆ ಬಂದ ಮೇಲೆ ನಾನು ಅಕ್ಕನಿಗೆ ಹೇಗೆ ಕಾಣುತ್ತದೆ ಎಂದು ಕೇಳಿದೆ. ಕೈಯಿಂದ ಒಂದು ಬಳೆ ತೆಗೆದು ಕಣ್ಣಿಗೆ ಹಿಡಿದು, "ಹಿಂಗ. ಇದರಾಗ ಬಂದಷ್ಟ ನಂದು" ಎಂದಳು. ಅದರಿಂದಾಗಿ ಏನನ್ನಾದರೂ ಪೂರ್ತಿ ನೋಡಬೇಕಾದರೆ ಕುತ್ತಿಗೆ ಹೊರಳಿಸುತ್ತ ತುಂಡು ತುಂಡಾಗಿ ನೋಡುತ್ತಿದ್ದಳು. ದೂರದಿಂದ ನೋಡಿದವರಿಗೆ ಕೋಳಿ ಕಾಳು ಹುಡುಕಿದ ಹಾಗೆ ಕಾಣುತ್ತಿತ್ತು.

ಸಮುದ್ರ ನೋಡುವುದು, ಅದೂ ಹಡಗಿನಿಂದ ನೋಡುವುದು, ಅವಳ ಹಳೆಯ ಆಸೆ. ಅದು ಹುಟ್ಟಿದ್ದು ಯಶವಂತಪುರದ ಗಾರ್ಮೆಂಟ್ಸ್‌ನಲ್ಲಿ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡ ಅಕ್ಕ ಬಾಗಲಕೋಟೆ ಕಡೆಯ ನಮ್ಮೂರಿನಿಂದ ಇಲ್ಲಿಗೆ ಬಂದು ಅಂಗಿಗಳಿಗೆ ಗುಂಡಿಮನೆ ಹೊಲಿಯುವ ಕೆಲಸಕ್ಕೆ ಸೇರಿದಳು. ಮಾರನೆಯ ವರ್ಷ ನನ್ನನ್ನು ಕರೆಸಿಕೊಂಡು ಐ.ಟಿ.ಐ.ಗೆ ಹಾಕಿದಳು. ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜಿನ ಹಿಂದೆ ನಮ್ಮದೊಂದು ಕೋಣೆ. ಸಂಜೆ ಕೆಲಸದಿಂದ ಬಂದವಳು ಬೆರಳಿಗೆ ಸುತ್ತಿದ ಬಟ್ಟೆಯ ಪಟ್ಟಿ ಬಿಚ್ಚುತ್ತ ಹೇಳುತ್ತಿದ್ದಳು: "ನಾ ಹೊಲಿದ ಅಂಗಿ ಎಲ್ಲಾ ಹಡಗ ಹತ್ತಿ ಹೋಗ್ತಾವಂತ. ಡಬ್ಬಿ ಮ್ಯಾಲ ಹಡಗಿನ ಚಿತ್ರ ಐತಿ. ನಾ ಹಡಗೂ ನೋಡಿಲ್ಲ, ಸಮುದ್ರಾನೂ ನೋಡಿಲ್ಲ."

ನೋಡಲು ನಮಗೆ ಸಿಗುತ್ತಿದ್ದದ್ದು ಜಕ್ಕೂರಿನ ವಿಮಾನಗಳು. ಭಾನುವಾರ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ, ತಂತಿ ಬೇಲಿಯ ಈಚೆಗೆ ಹುಲ್ಲಿನ ಮೇಲೆ ಕೂರುತ್ತಿದ್ದೆವು. ಹಾರಲು ಕಲಿಯುವವರ ಪುಟ್ಟ ವಿಮಾನಗಳು ಓಡಿಬಂದು ಏಳುತ್ತಿದ್ದವು, ಸುತ್ತಿ ಬಂದು ಇಳಿಯುತ್ತಿದ್ದವು. ಆಗ ಹೆಬ್ಬಾಳಕ್ಕೆ ಮೇಲ್ಸೇತುವೆ ಇರಲಿಲ್ಲ. ಕೆರೆಯ ಮೇಲಿನ ಗಾಳಿ ನಮ್ಮ ಕೋಣೆಯವರೆಗೆ ಬರುತ್ತಿತ್ತು. ಅಕ್ಕ ರೊಟ್ಟಿ ಮುರಿಯುತ್ತ ಎದ್ದ ವಿಮಾನಗಳನ್ನು ಎಣಿಸುತ್ತಿದ್ದಳು, ಇಳಿದವನ್ನೂ ಎಣಿಸುತ್ತಿದ್ದಳು. ಎರಡೂ ಸರಿಹೋದ ಮೇಲೆಯೇ ಹೊರಡುತ್ತಿದ್ದೆವು. "ಒಂದ ಮ್ಯಾಲ ಉಳಿದ್ರ ಹೆಂಗ ಬಿಟ್ಟು ಹೋಗೂದು?" ಎನ್ನುತ್ತಿದ್ದಳು. ಆದರೆ ತಾನು ಹತ್ತುವ ಮಾತು ಬಂದರೆ, "ನನಗ ಹಾರೂದು ಬ್ಯಾಡೋ. ತೇಲೂದು ಸಾಕು" ಎಂದು ನಗುತ್ತಿದ್ದಳು. ಮೊದಲ ಸಂಬಳ ಬಂದ ದಿನ ನಾನು ಹಡಗು ಹತ್ತಿಸುತ್ತೇನೆಂದು ಮಾತು ಕೊಟ್ಟೆ. ಆಮೇಲೆ ಮದುವೆ, ಮಕ್ಕಳು, ಬಾಗಲಗುಂಟೆಯ ಸೈಟು, ಅದರ ಮೇಲೊಂದು ಮನೆ. ಅಕ್ಕ ಒಮ್ಮೆಯೂ ನೆನಪಿಸಲಿಲ್ಲ.

ನನ್ನ ಪುಸ್ತಕದ ಪ್ರಕಾರ ಎಲ್ಲಕ್ಕಿಂತ ಅಗ್ಗವಾಗಿದ್ದದ್ದು ಮಂಗಳವಾರ ಮಧ್ಯಾಹ್ನದ ವಿಮಾನ. ಹಡಗು ಬುಧವಾರ, ಒಂದು ದಿನ ಮೊದಲೇ ಊರು ಸೇರಿದ ಹಾಗೂ ಆಗುತ್ತದೆ. ಯಾವ ಗೇಜಿಗೂ ಇಷ್ಟು ಹೆಚ್ಚುಕಡಿಮೆ ಆಗಬಹುದು ಎಂಬ ಒಂದು ಬಿಡುವು ಇರುತ್ತದೆ. ಆ ಒಂದು ದಿನ ನನ್ನ ಬಿಡುವು. ಟಿಕೆಟ್ಟು ತೆಗೆದೆ. ಕಿಟಕಿಯ ಸೀಟಿಗೆ ಬೇರೆ ಹಣ ಕೇಳಿದರು, ಬೇಡವೆಂದೆ. ಹಿಂದಿನ ಸಾಲಿನಲ್ಲಿ ನಡುವಿನದೊಂದು, ದಾರಿಯ ಪಕ್ಕದ್ದೊಂದು ಸಿಕ್ಕಿತು.

ಅಕ್ಕನಿಗೆ ಹೇಳಿದಾಗ ಅವಳು ಲೋಟ ಕೆಳಗಿಟ್ಟಳು.

"ಮುಂಬೈ ಯಾವ ದಿಕ್ಕು?"

"ಉತ್ತರ. ಸ್ವಲ್ಪ ಪಶ್ಚಿಮಕ್ಕೈತಿ."

"ಮಂಗಳವಾರ ಉತ್ತರಕ್ಕ ವಾರಶೂಲಿ ಇರ್ತೈತಿ. ಹೊರಡಬಾರ್ದು."

"ಬುಧವಾರ?"

"ಬುಧವಾರಾನೂ ಐತಿ."

"ಹಂಗಾದ್ರ ಹಡಗಿನವ್ರಿಗೆ ಪಂಚಾಂಗ ಕಳಸೂನೇನು?"

ಅವಳು ಸಿಟ್ಟಾಗಲಿಲ್ಲ. "ನಿನ್ನ ಟಿಕೀಟು ನೀ ತಗೋ. ನಾ ಸೋಮವಾರ ಪ್ರಸ್ಥಾನ ಇಡ್ತೀನಿ" ಎಂದಳು.

ನಮ್ಮ ಕಡೆ ಈ ಪದ್ಧತಿ ಈಗಲೂ ಇದೆ. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ ಅದಕ್ಕೆ ಮೊದಲ ಒಳ್ಳೆಯ ಹೊತ್ತಿನಲ್ಲಿ ಒಂದು ಚೀಲವನ್ನು ಪಕ್ಕದವರ ಮನೆಯಲ್ಲಿ ಇಟ್ಟುಬರುತ್ತಾರೆ. ಚೀಲ ಹೊರಬಿದ್ದರೆ ಪ್ರಯಾಣ ಆಗಲೇ ಶುರುವಾದಂತೆ. ಮತ್ತೆ ಅದನ್ನು ನಮ್ಮ ಮನೆಯೊಳಗೆ ತರಬಾರದು. ಹೊರಡುವಾಗ ಎತ್ತಿಕೊಂಡು ಹಾಗೇ ಹೋಗಬೇಕು. ಭಾನುವಾರ ಅಕ್ಕ ನನ್ನನ್ನು ಕೇಳಿದಳು, "ವಿಮಾನಕ್ಕ ಯಾವುದು ಇಲ್ದ ಹೋಗಾಕ ಬರೂದಿಲ್ಲ?" ನಾನು ಪೇಪರಿನಿಂದ ತಲೆ ಎತ್ತದೆ, "ಆಧಾರ್ ಕಾರ್ಡು. ಅದೊಂದಿದ್ರ ಮುಗೀತು" ಎಂದೆ. ಯಾಕೆ ಕೇಳಿದಳೆಂದು ನಾನು ಕೇಳಲಿಲ್ಲ. ಇದನ್ನು ಬರೆದಿಡಬೇಕು, ಏಕೆಂದರೆ ಮುಂದೆ ಆದದ್ದರಲ್ಲಿ ನನ್ನ ಪಾಲು ಇಲ್ಲಿಂದ ಶುರುವಾಗುತ್ತದೆ.

ಪಕ್ಕದ ಮನೆ ಈ ಬಡಾವಣೆ ಹೊಲವಾಗಿದ್ದಾಗಿನಿಂದ ಇಲ್ಲಿರುವ ಅಜ್ಜಿಯದು. ಒಬ್ಬರೇ ಇರುತ್ತಾರೆ. ಸೋಮವಾರ ಅಕ್ಕ ಅವರ ದೇವರ ಮನೆಯಲ್ಲಿ ಚೀಲ ಇಟ್ಟುಬಂದಳು.

ಮಂಗಳವಾರ ಒಂಬತ್ತು ಗಂಟೆಗೆ ಟ್ಯಾಕ್ಸಿ ಬಂತು. ಪೆಟ್ಟಿಗೆ ಹಾಕಿ, ಚೀಲ ತರಲು ನಾನೇ ಹೋದೆ. ಅಜ್ಜಿಯ ಬಾಗಿಲಿಗೆ ಬೀಗ. ಫೋನ್ ಮಾಡಿದೆ. ಮನೆಯ ಒಳಗೇ ಫೋನು ಬಡಿದುಕೊಂಡಿತು. ಮತ್ತೊಮ್ಮೆ ಮಾಡಿದೆ. ಕಿಟಕಿಯ ಆಚೆ ಅದೇ ಸದ್ದು. ಎದುರು ಅಂಗಡಿಯವನು, "ಬೆಳಗ್ಗೆನೇ ಕಾರಲ್ಲಿ ಹೋದ್ರು ಸಾರ್. ಎಲ್ಲಿಗೆ ಅಂತ ಗೊತ್ತಿಲ್ಲ" ಎಂದ.

"ಹೋಗ್ಲಿ ಬಿಡು, ಎರಡು ಸೀರಿ ಅಷ್ಟ ಅಲ್ಲ?" ಎಂದೆ ಅಕ್ಕನಿಗೆ.

ಅವಳು ಸಣ್ಣ ದನಿಯಲ್ಲಿ, "ಕಾರ್ಡು ಅದರಾಗ ಅದಾವ. ನಂದೂ, ನಿಂದೂ" ಎಂದಳು. "ಬರೇ ಸೀರಿ ಇಟ್ರ ಅದು ಪ್ರಸ್ಥಾನ ಆಗೂದಿಲ್ಲ. ಯಾವುದು ಇಲ್ದ ಹೋಗಾಕ ಬರೂದಿಲ್ಲೋ ಅದನ್ನ ಇಡಬೇಕು."

ವೋಟರ್ ಕಾರ್ಡುಗಳೂ ಅದೇ ಪ್ಲಾಸ್ಟಿಕ್ ಕವರಿನಲ್ಲಿದ್ದವು. ಅಕ್ಕನ ಕಾರ್ಡಿಗೆ ಜೋಡಿಸಿದ್ದ ಫೋನ್ ನಂಬರು ಎಂದೋ ಹೋಗಿತ್ತು, ಹಾಗಾಗಿ ನನ್ನ ಫೋನಿನಲ್ಲಿ ತೋರಿಸುವಂತೆಯೂ ಇರಲಿಲ್ಲ. ಹತ್ತೂಕಾಲಿನವರೆಗೆ ಕಾದೆವು. ಟ್ಯಾಕ್ಸಿಯವನು ಎರಡು ಸಲ ಹಾರ್ನ್ ಮಾಡಿ, ಕೊನೆಗೆ ಪೆಟ್ಟಿಗೆ ಇಳಿಸಿ ಹೋದ. ಆಗ ನಾನು ಬೀದಿಯಲ್ಲಿ ನಿಂತು, ಜೋರಾಗಿ, ಅಕ್ಕನಿಗೆ ಹೇಳಿದೆ: "ನಿನಗ ಕಣ್ಣಷ್ಟ ಅಲ್ಲ, ಬುದ್ಧೀನೂ ಮಂಜಾಗೇತಿ."

ಅಂಗಡಿಯವನು ಒಳಗೆ ತಿರುಗಿದ. ಅಕ್ಕ ಕಾಲಿನಿಂದ ಮೆಟ್ಟಿಲು ಹುಡುಕಿ, ಕೈಯೂರಿ, ಕೂತಳು. ಅಷ್ಟೇ. ಈ ಮಾತು ನನ್ನ ಬಾಯಿಂದಲೇ ಬಂತೇ ಎಂದು ನಾನು ಇವತ್ತಿಗೂ ಪರೀಕ್ಷಿಸುತ್ತೇನೆ. ಬಂತು. ಒಂದು ಪದವೂ ಹೆಚ್ಚುಕಡಿಮೆ ಇಲ್ಲ.

ಅಜ್ಜಿ ಬಂದದ್ದು ಸಂಜೆ ನಾಲ್ಕಕ್ಕೆ, ಕೈಯಲ್ಲಿ ಸಿಹಿಯ ಡಬ್ಬಿ.

"ಮೊಮ್ಮಗಳಿಗೆ ಎಣ್ಮಗು ಆಯ್ತು ಕಣಪ್ಪಾ! ಪೋನ್ ಬಂತು, ಇದ್ದಂಗೇ ದೊಡ್ಡಬಳ್ಳಾಪುರಕ್ಕೆ ಓಗ್ಬುಟ್ಟೆ. ಪೋನು ಇಲ್ಲೇ ಮರ್ತೆ. ಅಯ್ಯೋ, ನೀವಿನ್ನೂ ಓಗಿಲ್ವಾ? ನಿಮ್ ಬ್ಯಾಗು ದೇವ್ರ ಮನೇಲೇ ಐತೆ, ನನ್ನಾಣೆ ಮುಟ್ಟಿಲ್ಲ."

ಸಿಹಿ ತಿಂದೆವು. ಕಾರ್ಡುಗಳನ್ನು ತೆಗೆದುಕೊಳ್ಳಲು ಕೈ ಚಾಚಿದರೆ ಅಕ್ಕ ತಡೆದಳು. "ಮನಿಯೊಳಗ ತರಬ್ಯಾಡ. ನಾಳೆ ಹೋಗೂ ಮುಂದ ತಗೊಳ್ಳೂಣು. ಇಟ್ಟ ಪ್ರಸ್ಥಾನ ಮೂರು ದಿನ ನಡೀತೈತಿ." ಬೆಳಿಗ್ಗೆ ನಾನು ಬೀದಿಯಲ್ಲಿ ಹಾಗೆ ಅಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಅಜ್ಜಿಯ ಕೀಲಿಯನ್ನು ಮಾತ್ರ ನಾನು ಕೇಳಿ ಇಸಿದುಕೊಂಡೆ.

ಬುಧವಾರದ ಟಿಕೆಟ್ಟು ನನ್ನ ಪುಸ್ತಕದ ಯಾವ ಸಾಲಿಗೂ ಹೊಂದದ ದರದಲ್ಲಿತ್ತು. ಬೇರೆಬೇರೆ ಸಾಲಿನಲ್ಲಿ ಎರಡೇ ಸೀಟು ಉಳಿದಿದ್ದವು. ತೆಗೆದೆ. ಹಡಗಿನ ಬಾಗಿಲು ಮುಚ್ಚುವುದು ನಾಲ್ಕಕ್ಕೆ. ವಿಮಾನ ಹೊರಡುವುದು ಒಂಬತ್ತೂವರೆಗೆ. ಬೆಳಿಗ್ಗೆ ಯಲಹಂಕ ದಾಟುವಾಗ ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣುವಷ್ಟು ಮಂಜು. ಒಂಬತ್ತೂವರೆ ದಾಟಿದ ಮೇಲೂ ವಿಮಾನ ನಿಲ್ದಾಣದಲ್ಲಿ ಒಂದೂ ಮುಕ್ಕಾಲು ಗಂಟೆ ಕೂತೆವು. ನಾನು ಗಡಿಯಾರ ನೋಡುತ್ತಿದ್ದೆ. ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೈಗಳನ್ನು ಅದರ ಮೇಲೆ ಮಡಚಿಕೊಂಡಿದ್ದಳು.

ಅವಳದು ಹನ್ನೊಂದನೆಯ ಸಾಲು, ಕಿಟಕಿ. ನನ್ನದು ಮೂರು ಸಾಲು ಹಿಂದೆ, ದಾರಿಯ ಪಕ್ಕ. ಆದ್ದರಿಂದ ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ: ಸೀಟುಗಳ ಸಂದಿಯಲ್ಲಿ ಅವಳ ತಲೆಯ ಹಿಂಭಾಗ, ತುರುಬು, ಬಲಗಿವಿಯ ಓಲೆ. ಏರುವಾಗ ಆ ತಲೆ ಬಗ್ಗಿತ್ತು, ಹೆದರಿದ್ದಳು. ಬಹಳ ಹೊತ್ತು ಹಾಗೇ ಇತ್ತು. ಮುಂಬೈ ಬರುವಾಗ ವಿಮಾನ ಒಂದು ಕಡೆಗೆ ವಾಲಿ ಸಮುದ್ರದ ಮೇಲೆ ತಿರುಗಿತು. ಆಗ ತಲೆ ಎದ್ದಿತು, ಕಿಟಕಿಗೆ ಹೊರಳಿತು, ಅಲ್ಲಿಯೇ ನಿಂತಿತು. ಅತ್ತ ಇತ್ತ ಅಲ್ಲಾಡಲಿಲ್ಲ. ಕಣ್ಣು ಕುಗ್ಗತೊಡಗಿದ ಈ ಎರಡು ವರ್ಷಗಳಲ್ಲಿ ಅಕ್ಕ ಏನನ್ನಾದರೂ ನೋಡುವಾಗ ಅವಳ ಕುತ್ತಿಗೆ ಸ್ಥಿರವಾಗಿ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಂದರು ಮುಟ್ಟಿದಾಗ ಮೂರು ಗಂಟೆ ಹದಿನೆಂಟು ನಿಮಿಷ. ಕಾರ್ಡು ತೋರಿಸಿ ಒಳಗೆ ಹೋದೆವು. ಹಡಗು ಗೋಡೆಯ ಹಾಗೆ ಎದುರಿಗೆ ನಿಂತಿತ್ತು. ಅಕ್ಕ ಅದನ್ನು ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ತುಂಡು ತುಂಡಾಗಿ ನೋಡಿದಳು. "ಇದು ಮುಗಿಯೂದ ಇಲ್ಲಲ್ಲೋ" ಎಂದಳು.

ಹಡಗು ಹೊರಟ ಮೇಲೆ ಮೇಲಿನ ಅಂತಸ್ತಿನ ಕಂಬಿ ಹಿಡಿದು ನಿಂತೆವು. ಬಿಸಿಲಿನ್ನೂ ಇತ್ತು. ಅಕ್ಕ ಕುತ್ತಿಗೆ ಹೊರಳಿಸುತ್ತಿದ್ದಳು: ಒಂದಿಷ್ಟು ನೀರು, ಒಂದಿಷ್ಟು ಕಂಬಿ, ಮತ್ತೆ ನೀರು. ಇಷ್ಟು ತಡವಾಗಿ ಕರೆತಂದೆನಲ್ಲ ಎನಿಸಿತು.

"ಕಾಣ್ತೈತೇನು?"

"ಇಲ್ಲಿ ಹಿಡಸವಲ್ದೋ. ಮ್ಯಾಲಿಂದ ಹಿಡಿಸಿತ್ತು."

"ಏನು?"

"ಸಮುದ್ರ. ವಿಮಾನದಾಗಿಂದ ಪೂರಾ ಬಳಿಯೊಳಗ ಬಂತು. ದಂಡಿ, ನೀರು, ಎಲ್ಲಾ. ಹಡಗೂ ಕಂಡ್ವು, ನಾಕು. ನೀಲಿ ಅರಿವಿ ಮ್ಯಾಲ ಗುಂಡಿ ಇಟ್ಟಂಗ." ತಡೆದು, "ಸಾಲು ಮಾತ್ರ ಸೊಟ್ಟ ಇತ್ತು. ನನ್ನ ಸೂಪರ್‌ವೈಜರ್ ಆಗಿದ್ರ ಬಿಚ್ಚಿಸ್ತಿದ್ಲು" ಎಂದಳು.

"ಅಕ್ಕಾ, ನಿನ್ನೆ ನಾ ಅಂದದ್ದು..."

"ನಿನ್ನ ಮಂಗಳವಾರದ ಅಗ್ಗದ ಟಿಕೀಟಿನಾಗ ನನಗ ಕಿಟಕಿ ಇತ್ತೇನು?"

"ಇರಲಿಲ್ಲ."

"ಬುದ್ಧಿ ಮಂಜಾದಾಕಿ ಕೇಳಾಕ್ಹತ್ತೀನಿ, ಜೋರಾಗಿ ಹೇಳು."

"ಇರಲಿಲ್ಲ" ಎಂದೆ, ಗಾಳಿಯಲ್ಲಿ ಕೇಳುವಷ್ಟು ಜೋರಾಗಿ. ಅವಳು ನನ್ನ ತೋಳು ಹುಡುಕಿ ಹಿಡಿದಳು. ಕೆಳಗೆ ಊಟಕ್ಕೆ ಕರೆಯುವವರೆಗೆ ಹಿಡಿದೇ ಇದ್ದಳು.

ಗೋವಾದಿಂದ ಬರುವ ವಿಮಾನದಲ್ಲಿ ನಾನು ಹಣ ಕೊಟ್ಟು ಕಿಟಕಿ ತೆಗೆದುಕೊಟ್ಟೆ. ಪೂರ್ತಿ ಮೋಡ. ಅವಳಿಗೆ ಬೇಸರವೇನೂ ಇರಲಿಲ್ಲ, ನಿದ್ದೆ ಮಾಡಿದಳು.

ಈಗ ಬಳೆಯೂ ಮುಚ್ಚಿದೆ. ಬೆಳಕು ಯಾವ ಕಡೆ ಎಂದು ತಿಳಿಯುತ್ತದೆ, ಅಷ್ಟೆ. ಸಂಜೆ ತಾರಸಿಯಲ್ಲಿ ಕೂತಾಗ ಇಳಿಯುವ ವಿಮಾನದ ಸದ್ದು ಕೇಳಿದರೆ ಬೆರಳು ಮಡಚುತ್ತಾಳೆ. ಜಕ್ಕೂರಿನ ಲೆಕ್ಕವೇ ಇರಬೇಕು, ನಾನು ಕೇಳಿಲ್ಲ. ಆದರೆ ಬೆಳಿಗ್ಗೆ ಏಳೂವರೆಯ ಚಹಾದ ಹೊತ್ತಿಗೆ ಮಾತ್ರ ಎದುರಿಗೆ ಬಂದು ಕೂರುತ್ತಾಳೆ. ಎಲ್ಲಿಗೂ ಹೋಗುವುದಿಲ್ಲವೆಂದು ನಮಗಿಬ್ಬರಿಗೂ ಗೊತ್ತು.

"ಇವತ್ತ ಮುಂಬೈ ಎಷ್ಟೈತಿ?"

ನಾನು ಫೋನು ನೋಡಿ ಹೇಳುತ್ತೇನೆ.

"ಕಿಟಕೀದು ಸೇರಿಸಿ ಹೇಳೋ" ಎನ್ನುತ್ತಾಳೆ. ಸೇರಿಸಿ ಹೇಳುತ್ತೇನೆ.