ಮೂರನೇ ಕಂಬದ ಹಾಲಿಡೇ

ಸ್ಕೆವೋಸನ ತಾತ ಸಮುದ್ರದ ತಳದಿಂದ ಸ್ಪಂಜು ಕಿತ್ತು ತಂದು ಹೊಟ್ಟೆ ಹೊರೆದವನು. ಮೊಮ್ಮಗ ಒದ್ದೆ ಸ್ಪಂಜನ್ನು ಕೋಲಿಗೆ ಸಿಕ್ಕಿಸಿಕೊಂಡು ಸೇತುವೆಯ ಕಬ್ಬಿಣ ಒರೆಸುತ್ತ ಬದುಕಿದ. ಒರೆಸುವುದೆಂದರೆ ಸ್ವಚ್ಛ ಮಾಡುವುದಲ್ಲ ಮಾರಾಯ್ರೆ, ಆ ಸ್ಪಂಜಿನಲ್ಲಿ ಸಣ್ಣ ಕರೆಂಟಿರುತ್ತದೆ. ಬಣ್ಣ ಕೂರದ ಜಾಗ ಸೂಜಿಮೊನೆಯಷ್ಟಿದ್ದರೂ ಸೊಂಟದ ಪೆಟ್ಟಿಗೆ ಕೀಂ ಅನ್ನುತ್ತದೆ. ಉಪ್ಪುಗಾಳಿಗೆ ಅಷ್ಟು ಸಂದು ಸಿಕ್ಕರೆ ಮುಗಿಯಿತು, ಒಳಗಿಂದೊಳಗೇ ಕಬ್ಬಿಣ ತಿಂದುಹಾಕುತ್ತದೆ. ಹಾಗೆ ಬಣ್ಣ ತಪ್ಪಿದ ಜಾಗಕ್ಕೆ ಈ ಕಸುಬಿನವರ ಬಾಯಲ್ಲಿ ಹಾಲಿಡೇ ಅಂತ ಹೆಸರು. ಯಾವ ಪುಣ್ಯಾತ್ಮ ಇಟ್ಟನೋ! ಬಣ್ಣದವನು ಅಲ್ಲಿ ರಜೆ ಹಾಕಿದ್ದಾನೆ ಅನ್ನುವ ಕುಹಕವಿರಬೇಕು.

ವಲಸೆ ಬಂದು ನಮ್ಮ ಟಾರ್ಪನ್ ಸ್ಪ್ರಿಂಗ್ಸ್ ಊರಲ್ಲಿ ನೆಲೆಸಿದ ಗ್ರೀಕರಲ್ಲಿ ಸೇತುವೆ ಬಣ್ಣದವರಿಲ್ಲದ ಮನೆ ಕಡಿಮೆ. ಸ್ಕೆವೋಸನೂ ಮೊದಲು ಬ್ರಷ್ಷು ಹಿಡಿದವನೇ, ಮೊಣಕಾಲು ಕೈಕೊಟ್ಟ ಮೇಲೆ ತಪಾಸಣೆಗೆ ಬಂದ. ಬಲು ಖಡಕ್ಕು.

"ಮಾವ, ಅತ್ತೆಯ ಲಿಪ್‌ಸ್ಟಿಕ್ಕಲ್ಲೂ ಹಾಲಿಡೇ ಹುಡುಕ್ತೀಯಾ ಹೆಂಗೆ?" ಎಂದು ಅಕ್ಕನ ಮಗ ಸಕೆಲ್ಲಾರಿಸ್ ಕಾಡುತ್ತಿದ್ದ.

"ನಿನ್ನ ಕೆಲಸದಲ್ಲಿ ಹುಡುಕೋದೇ ಬೇಡ ಬಿಡೋ, ಕಣ್ಣಿಗೇ ಹೊಡೀತದೆ" ಎಂದು ಇವನು.

ಆ ಬೆಳಿಗ್ಗೆ ಮೂರನೇ ಕಂಬ ಒರೆಸಿ ಕೆಳಗಿಳಿದವನೇ ಸ್ಕೆವೋಸ್ ವಾಕಿಟಾಕಿಯಲ್ಲಿ ಎಲ್ಲರಿಗೂ ಗ್ರೀಕಿನಲ್ಲಿ ಹೇಳಿದ: "ಮೂರನೇ ಕಂಬದಲ್ಲಿ ಹಾಲಿಡೇ ಇದೆ ಕಣ್ರೋ." ಆ ಒಂದು ಪದ ಮಾತ್ರ ಇಂಗ್ಲಿಷು, ನಮ್ಮವರಿಗೆ ಹಾಗೇ ಅಭ್ಯಾಸ. ಸಕೆಲ್ಲಾರಿಸ್‌ಗೆ ಅರ್ಥವಾಯಿತು. ಗೊಣಗುತ್ತ ಬಣ್ಣದ ಡಬ್ಬಿ ಹಿಡಿದು, ಕಂಬದ ಸುತ್ತ ಕಟ್ಟಿದ ಟಾರ್ಪಾಲಿನೊಳಗೆ ತೂಗುಹಲಗೆ ಹತ್ತಿದ. ಮೇಲೆ ಹಗ್ಗ ನೋಡಿಕೊಳ್ಳುತ್ತಿದ್ದ ಪಾಂಟೆಲಿಸ್‌ಗೂ ಅರ್ಥವಾಯಿತು. ಆಗಷ್ಟೇ ಗ್ರೀಸಿನ ದ್ವೀಪದಿಂದ ಬಂದಿದ್ದ ಮನುಷ್ಯ. ಅವನಿಗೆ ಗೊತ್ತಿದ್ದ ನಾಲ್ಕಾರು ಇಂಗ್ಲಿಷ್ ಪದಗಳಲ್ಲಿ ಹಾಲಿಡೇಯೂ ಒಂದು. ಮೂರನೇ ಕಂಬಕ್ಕೆ ಇವತ್ತು ರಜೆ ಅಂದುಕೊಂಡ. ಹಲಗೆ ನಾಲ್ಕನೆಯದಕ್ಕೆ ಬೇಕಾಗುತ್ತದೆಂದು ಅದರ ಹಗ್ಗ ಬಿಚ್ಚಿದ. ಸಕೆಲ್ಲಾರಿಸ್ ಸೊಂಟದ ಹಗ್ಗವನ್ನೂ ಆ ಹಲಗೆಗೇ ಕಟ್ಟಿಕೊಂಡಿದ್ದ. ಅಯ್ಯೋ, ಏನು ಹೇಳಲಿ! ಕೆಳಗೆ ನೀರೂ ಇರಲಿಲ್ಲ, ಕಾಂಕ್ರೀಟಿತ್ತು.

ವಿಚಾರಣೆಗೆ ಬಂದವರು ಸ್ಕೆವೋಸ್ ಆಡಿದ ಪದ ಸರಿಯಾಗಿಯೇ ಇದೆ ಅಂದರು. ಟಾರ್ಪಾಲಿನೊಳಗೆ ಇಣುಕದೆ ಹಗ್ಗ ಬಿಚ್ಚಿದ ಪಾಂಟೆಲಿಸ್‌ದೇ ತಪ್ಪು. ಅವನ ಕೆಲಸ ಹೋಯಿತು, ಊರು ಅವನನ್ನು ಕೊಲೆಗಾರ ಅಂದಿತು. ಪದದ ಮಾತು ವಿಚಾರಣೆಯ ಕಾಗದದಲ್ಲೇ ಉಳಿಯಿತು, ತನ್ನ ಪದವೇ ಅವನನ್ನು ದಾರಿ ತಪ್ಪಿಸಿತೆಂದು ಸ್ಕೆವೋಸ್ ಬಾಯಿ ಬಿಡಲಿಲ್ಲ. ಬಿಟ್ಟರೆ ಅಕ್ಕ ಕಥೋಲಿಕಿ ಕೈತಪ್ಪುತ್ತಾಳೆ, ತಾಯಿಯಂತೆ ಸಾಕಿದವಳು. ಬಿಡದಿದ್ದರೆ ಆ ಬಡಪಾಯಿ ಸಾಯುವ ತನಕ ಕೊಲೆಗಾರ.

ನಲವತ್ತನೆಯ ದಿನ ಚರ್ಚಿನ ಪ್ರಾರ್ಥನೆ ಮುಗಿದು, ಸತ್ತವನ ಹೆಸರಲ್ಲಿ ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ ಹಂಚುತ್ತಿದ್ದರು. ಪಾಂಟೆಲಿಸ್ ಗೇಟಿನಾಚೆ ನಿಂತಿದ್ದ. ಕಥೋಲಿಕಿಯ ಕಣ್ಣಿಗೆ ಬಿದ್ದ.

"ಯಾವ ಮುಖ ಹೊತ್ಕೊಂಡು ಬಂದ್ಯೋ? ಹೋಗಾಚೆ!"

"ಅಕ್ಕಾ, ಅವನನ್ನ ಬೈಬೇಡ" ಎಂದ ಸ್ಕೆವೋಸ್. "ಹಾಲಿಡೇ ಇದೆ ಅಂದಿದ್ದು ನಾನು. ಅವನು ರಜೆ ಅಂದ್ಕೊಂಡ."

ಬಣ್ಣದವನ ಹೆಂಡತಿಯಾಗಿ, ಬಣ್ಣದವನ ತಾಯಿಯಾಗಿ ಬಾಳಿದವಳು, ಬಿಡಿಸಿ ಹೇಳಬೇಕಾಗಲಿಲ್ಲ.

"ಬಣ್ಣ ಬಿಟ್ಟುಹೋಗಿದೆ ಅನ್ನೋಕೆ ನಮ್ಮ ಭಾಷೇಲಿ ಮಾತಿರ್ಲಿಲ್ವೇನೋ?"

"ಇತ್ತು."

"ಇವನಿಗೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತಕ್ಕಾ. ಆ ಹೊತ್ತಿಗೆ ಹೊಳೀಲಿಲ್ಲ."

ಕಥೋಲಿಕಿ ತಮ್ಮನ ಕೈಯಲ್ಲಿದ್ದ ಗೋಧಿಯ ಬಟ್ಟಲು ಕಿತ್ತುಕೊಂಡು ಗೇಟಿನವರೆಗೆ ನಡೆದು ಪಾಂಟೆಲಿಸ್‌ನ ಕೈಗಿಟ್ಟಳು. ಅವನು ಅಳುತ್ತ ಒಂದು ಚಮಚ ಬಾಯಿಗಿಟ್ಟು, ಸತ್ತವರ ಗೋಧಿ ತಿನ್ನುವಾಗ ಎಲ್ಲರೂ ಹೇಳುವ ಮಾತು ಹೇಳಿದ: "ದೇವರು ಅವನನ್ನ ಕ್ಷಮಿಸಲಿ."

"ನನ್ನ ಮಗನ್ನ ಕ್ಷಮಿಸ್ತಾನೆ ಬಿಡಪ್ಪ" ಎಂದಳು ಕಥೋಲಿಕಿ, ತಮ್ಮನ ಕಡೆ ತಿರುಗಿ. "ಇವನನ್ನ ನಾನು ಕ್ಷಮಿಸಲ್ಲ."

ಹೋದ ವರ್ಷ ಸ್ಕೆವೋಸ್ ತೀರಿಕೊಂಡ. ಅವನ ಗೋಧಿ ಹಂಚಿದವನು ಪಾಂಟೆಲಿಸ್. ಎರಡು ಬೀದಿ ಆಚೆಯೇ ಇದ್ದ ಕಥೋಲಿಕಿ ಬರಲಿಲ್ಲ.