ಬೆನ್ನು ಬಾಗಿಸಿ ಹಿಡಿಯುವ ಕದಿರಮ್ಮ

ಬಂಗಾರಪೇಟೆಯ ಆ ನರ್ಸಿಂಗ್ ಹೋಮಿನ ಹಾಜರಿ ಪುಸ್ತಕದಲ್ಲಿ ಕದಿರಮ್ಮ ನೆಲ ಒರೆಸುವ ಆಯಾ. ನಿಜಕ್ಕೂ ಆಕೆ ಹದಿನೆಂಟು ವರ್ಷದಿಂದ ಮಾಡಿಕೊಂಡು ಬಂದದ್ದು ಗರ್ಭಿಣಿಯರನ್ನು ಹಿಡಿಯುವ ಕೆಲಸ. ಸಿಸೇರಿಯನ್ನಿಗೆ ಮೊದಲು ಬೆನ್ನಿಗೆ ಸೂಜಿ ಹಾಕುವಾಗ ತುಂಬು ಬಸುರಿಯನ್ನು ಟೇಬಲ್ಲಿನ ಅಂಚಿಗೆ ಕೂರಿಸಬೇಕು, ಅವಳ ತಲೆಯನ್ನು ತನ್ನ ಎದೆಗೆ ಆನಿಸಿಕೊಳ್ಳಬೇಕು, ಭುಜ ಸಡಿಲ ಮಾಡಿಸಿ, ಬೆನ್ನು ಬಾಗಿಸಿ, ಅಲುಗದ ಹಾಗೆ ಹಿಡಿಯಬೇಕು. ಕೇಳಲು ಸುಲಭ. ಒಂಬತ್ತು ತಿಂಗಳ ಹೊಟ್ಟೆ ಇಟ್ಟುಕೊಂಡು, ನೋವು ತಿನ್ನುತ್ತಾ, ಹಿಂದೆ ಯಾರೋ ಸೂಜಿ ಹಿಡಿದಿದ್ದಾರೆಂದು ಗೊತ್ತಿರುವ ಹೆಂಗಸನ್ನು ಬಗ್ಗಿಸಿ ನೋಡಿದವರಿಗೆ ಅದರ ಕಷ್ಟ ಗೊತ್ತು.

ಅರಿವಳಿಕೆ ಕೊಡುವ ಡಾಕ್ಟರ್ ಶ್ರೀಧರ್ ದಾವಣಗೆರೆ ಕಡೆಯವರು. ಮೂರು ಆಸ್ಪತ್ರೆಗಳಿಗೆ ಓಡಾಡುವ ಮನುಷ್ಯ, ಒಂದೂವರೆ ನಿಮಿಷ ನಿಂತರೆ ಗಡಿಯಾರ ನೋಡುತ್ತಾರೆ. ಕದಿರಮ್ಮ ಹಿಡಿದರೆ ಸೂಜಿ ತಪ್ಪುವುದಿಲ್ಲ ಎಂದು ನಾಲ್ಕು ಜನರ ಮುಂದೆ ಅವರು ಒಮ್ಮೆ ಹೇಳಿದ್ದರು. ಆ ಒಂದು ಮಾತಿನ ಮೇಲೆ ಆಕೆ ವರ್ಷಗಟ್ಟಲೆ ಬದುಕಿದಳು. ಆಕೆ ಇದ್ದ ಉರಿಗಾಂನ ಹಳೇ ಚಿನ್ನದ ಗಣಿಯ ಲೈನುಮನೆಗಳಲ್ಲಿ, ಮೈನ್ಸ್ ಮುಚ್ಚಿದ ಮೇಲೆ ಹೊಗಳಿಕೆ ಕೇಳಿದ ಮನೆ ಆಕೆಯದೊಂದೇ ಇರಬೇಕು.

ನೋಡಿ ನೋಡಿ ಆಕೆಗೆ ವಿದ್ಯೆಯೂ ಹತ್ತಿತ್ತು. ಗಿಡ್ಡ ಹೆಂಗಸಿಗೆ ಮದ್ದು ಕಮ್ಮಿ, ಎತ್ತರದವಳಿಗೆ ಕೊಂಚ ಜಾಸ್ತಿ. ಬೆನ್ನುಮೂಳೆ ಸೊಟ್ಟಗಿದ್ದರೆ ಮರಗಟ್ಟುವುದು ಒಂದೇ ಕಡೆ ಆದೀತು. ಸೂಜಿ ಆದ ಕೂಡಲೇ ಮಲಗಿಸಿ ಬಲ ಸೊಂಟದ ಅಡಿಗೆ ದಿಂಬು ಕೊಡದಿದ್ದರೆ ಹೊಟ್ಟೆಯ ಭಾರಕ್ಕೆ ಬಿಪಿ ಇಳಿದು ಹೆಂಗಸು ವಾಂತಿ ಮಾಡಿಕೊಳ್ಳುತ್ತಾಳೆ. ಇದೆಲ್ಲ ಯಾರೂ ಹೇಳಿಕೊಟ್ಟದ್ದಲ್ಲ.

ಇನ್ನೊಂದು ಕೆಲಸ ಆಕೆಯ ಹೆಗಲಿಗೆ ತಾನಾಗಿ ಬಂದು ಬಿದ್ದಿತ್ತು. ಬರುವವರಲ್ಲಿ ಗಡಿ ಹಳ್ಳಿಯ ತೆಲುಗಿನವರು, ಮಾರಿಕುಪ್ಪಂ ಕಡೆಯ ತಮಿಳಿನವರು. ಡಾಕ್ಟರಿಗೆ ಎರಡೂ ಬಾರದು. ಕದಿರಮ್ಮನಿಗೆ ಮೂರು ಭಾಷೆಯೂ ನೀರು ಕುಡಿದ ಹಾಗೆ. ಹಾಗಾಗಿ ಡಾಕ್ಟರು ರೋಗಿಯನ್ನು ಪ್ರಶ್ನೆ ಕೇಳುವುದು, ಕದಿರಮ್ಮ ಉತ್ತರ ಹೇಳುವುದು ರೂಢಿಯಾಯಿತು. ಬರಬರುತ್ತಾ ಕನ್ನಡದ ಹೆಂಗಸರಿಗೂ ಅವಳೇ ಉತ್ತರ ಹೇಳತೊಡಗಿದಳು. ಡಾಕ್ಟರೂ ರೋಗಿಯ ಮುಖ ನೋಡುವುದನ್ನು ಬಿಟ್ಟರು. ಕೆಲಸ ಬೇಗ ಮುಗಿಯುತ್ತಿತ್ತಲ್ಲ, ಯಾರಿಗೆ ಏನು ನಷ್ಟ.

ಅವರ ಪ್ರಶ್ನೆಗಳಲ್ಲಿ ಚೇಳಿನದೂ ಒಂದು. ಚೇಳು ಹಲವು ಸಲ ಕುಟ್ಟಿದ ಕೆಲವರಿಗೆ ಈ ಮದ್ದು ಸರಿಯಾಗಿ ಹತ್ತುವುದಿಲ್ಲವಂತೆ. ಪೂರಾ ಸಾಬೀತಾದ ಮಾತಲ್ಲ, ಆದರೂ ಕೇಳಿಕೊಳ್ಳುವುದು ಒಳ್ಳೆಯದು ಎನ್ನುತ್ತಿದ್ದರು. ಒಮ್ಮೆ ಪೆದ್ದಮ್ಮ ಎಂಬ ಕೂಲಿಯವಳು ಮೂರು ಸಲ ಕುಟ್ಟಿದೆ ಎಂದಳು, ಕದಿರಮ್ಮ ಹಾಗೆಯೇ ಹೇಳಿದಳು. ಮದ್ದು ಹತ್ತದಿದ್ದರೆ ಪೂರ್ತಿ ಪ್ರಜ್ಞೆ ತಪ್ಪಿಸಬೇಕು, ಇಲ್ಲಿ ಆ ಸೌಕರ್ಯ ಹೆಸರಿಗಷ್ಟೇ ಎಂದು ಡಾಕ್ಟರು ಅವಳನ್ನು ಕೋಲಾರಕ್ಕೆ ಕಳಿಸಿದರು. ನರ್ಸಿಂಗ್ ಹೋಮಿನ ಯಜಮಾನಿ ಡಾಕ್ಟರಮ್ಮ ಕದಿರಮ್ಮನನ್ನು ರೂಮಿಗೆ ಕರೆದು, ಇಲ್ಲದ್ದನ್ನೆಲ್ಲ ಕೆದಕಿ ಕೇಸು ಓಡಿಸುತ್ತೀಯಾ ಎಂದು ನೀರಿಳಿಸಿದರು. ಪೆದ್ದಮ್ಮ ಕೋಲಾರದಲ್ಲಿ ಸುಖವಾಗಿ ಹೆತ್ತಳು. ಆ ಸಂಗತಿ ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಅಂದಿನಿಂದ ಕದಿರಮ್ಮ ಸೀರೆ ಬಿಚ್ಚಿಸಿ ಗೌನು ತೊಡಿಸುವಾಗಲೇ ಹೆಂಗಸರಿಗೆ ಪಾಠ ಹೇಳಿಕೊಡುತ್ತಿದ್ದಳು. "ಕೇಳುದ್ರೆ ಎಲ್ಲಾದಕ್ಕೂ ಇಲ್ಲ ಅನ್ನು. ಚೇಳು ಗೀಳು ಅಂದ್ರೆ ಕೋಲಾರುಕ್ಕೆ ಸಾಗಾಕ್ಬುಡ್ತಾರೆ." ಹಾಗೆಯೇ, ಮದ್ದು ಕೊಟ್ಟ ಮೇಲೆ ಡಾಕ್ಟರು ಚಿವುಟಿ ನೋಡುವಾಗ ಯಾರಾದರೂ ನೋವು ಎಂದರೆ, ಮುಟ್ಟಿದ್ದು ಗೊತ್ತಾಗುತ್ತಂತೆ ಸಾರ್, ನೋವಿಲ್ಲವಂತೆ ಎಂದು ತಿದ್ದಿ ಹೇಳುತ್ತಿದ್ದಳು. ಬಹಳಷ್ಟು ಸಲ ಅದು ನಿಜವೂ ಆಗಿರುತ್ತಿತ್ತು. ಭಯಕ್ಕೆ ಮುಟ್ಟಿದ್ದೆಲ್ಲ ನೋವು ಅನ್ನುವವರೇ ಹೆಚ್ಚು. ನಿಜವಲ್ಲದ ಸಲ ಎಷ್ಟು ಎಂದು ಯಾರು ಕಂಡರು? ಟೇಬಲ್ಲಿನ ಮೇಲೆ ಹಲ್ಲು ಕಚ್ಚಿಕೊಂಡ ಹೆಂಗಸರು ಮಗುವಿನ ಮುಖ ನೋಡಿ ಮನೆಗೆ ಹೋದರು.

ಕಳೆದ ವರ್ಷ ಆಕೆಯ ಒಬ್ಬಳೇ ಮಗಳು ಇಂದ್ರಾಣಿ ಬಸುರಿಯಾದಳು. ಬೂದಿಕೋಟೆ ಕಡೆ ಕೊಟ್ಟಿದ್ದರು. ಅವಳೂ ಗಂಡ ಮುನಿರಾಜನೂ ಚಪ್ಪಡಿ ಕಲ್ಲಿನ ಕ್ವಾರಿಯಲ್ಲಿ ಕೂಲಿ. ಕಲ್ಲು ಎತ್ತಿದ ಕಡೆಯಲ್ಲೆಲ್ಲ ಚೇಳು. ಇಂದ್ರಾಣಿಗೆ ನಾಲ್ಕು ಸಲ ಕುಟ್ಟಿತ್ತು. ಒಂದು ಸಲವಂತೂ ಕದಿರಮ್ಮನೇ ಬಿದ್ದಂಬೀಳ ಓಡಿಹೋಗಿ, ಮಂತ್ರ ಹಾಕುವ ಮುನಿಸ್ವಾಮಪ್ಪನ ಜಗಲಿಯಲ್ಲಿ ಮಗಳ ಊದಿದ ಕೈ ಹಿಡಿದುಕೊಂಡು ಕೂತಿದ್ದಳು.

ಮಗು ಅಡ್ಡ ತಿರುಗಿದೆ, ಕುಯ್ಯಲೇಬೇಕು ಎಂದಾಗ ಇಂದ್ರಾಣಿಗೆ ಇದ್ದದ್ದು ಒಂದೇ ಭಯ, ಕತ್ತಿ ಆಡುವುದು ತನಗೆ ಗೊತ್ತಾದರೆ ಏನು ಗತಿ ಎಂದು. ಕದಿರಮ್ಮ ನಕ್ಕುಬಿಟ್ಟಳು. ಸಾವಿರ ಜನರನ್ನು ಹಿಡಿದ ಕೈ ನಿನ್ನನ್ನು ಬಿಟ್ಟೀತೇ, ಒಂದು ಇರುವೆ ಕಡಿದಷ್ಟೂ ಗೊತ್ತಾಗದು ಎಂದು ಮಾತು ಕೊಟ್ಟಳು. ಅದಕ್ಕೇ ಮಗಳು ಕೋಲಾರಕ್ಕೆ ಹೋಗಕೂಡದು, ತನ್ನ ಕಣ್ಣೆದುರೇ ಆಗಬೇಕು ಎಂಬ ಹಟ.

ಡಾಕ್ಟರು ಪ್ರಶ್ನೆಗಳನ್ನು ಓದುತ್ತಾ ಚೇಳಿನ ಹತ್ತಿರ ಬಂದಾಗ ಇಂದ್ರಾಣಿ ಬಾಯಿ ತೆರೆದಳು. ಅಷ್ಟರಲ್ಲಿ ಕದಿರಮ್ಮ, "ಏನೂ ಇಲ್ಲ ಸಾರ್, ನನ್ ಮಗಳಲ್ವಾ, ನಂಗ್ಗೊತ್ತಿಲ್ವಾ" ಅಂದಳು. ಡಾಕ್ಟರು ಹಾಳೆಯಲ್ಲಿ ಆ ಪ್ರಶ್ನೆಯ ಮುಂದೆ ಗೆರೆ ಎಳೆದುಕೊಂಡರು.

ಬೆನ್ನನ್ನು ಎಂದಿಗಿಂತ ಚೆನ್ನಾಗಿಯೇ ಹಿಡಿದಳು. ಸೂಜಿಯೂ ಒಂದೇ ಸಲಕ್ಕೆ ಕೂತಿತು. ಕಾಲು ಭಾರವಾದವು. ಹತ್ತು ನಿಮಿಷ ಬಿಟ್ಟು ಡಾಕ್ಟರು ಹೊಟ್ಟೆಯ ಮೇಲೆ ಚಿಮುಟದಿಂದ ಚಿವುಟಿ, ಗೊತ್ತಾಗುತ್ತದೆಯೇ ಎಂದರು. ಇಂದ್ರಾಣಿ ನೋಯುತ್ತದೆ ಎಂದಳು, ಸಣ್ಣ ದನಿಯಲ್ಲಿ. ಡಾಕ್ಟರು ಮಾನಿಟರಿನಿಂದ ಕಣ್ಣೆತ್ತಿ ನೋಡಿದ್ದು ಕದಿರಮ್ಮನನ್ನು. ಆಕೆಯ ಬಾಯಿಂದ ಆ ಹಳೆಯ ವಾಕ್ಯ ಯೋಚನೆಯೇ ಇಲ್ಲದೆ ಹೊರಬಿತ್ತು. "ಮುಟ್ಟಿದ್ದು ಗೊತ್ತಾಗ್ತೈತಂತೆ ಸಾರ್, ನೋವಿಲ್ಲ."

ಮುಂದಿನದನ್ನು ಉದ್ದ ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಕತ್ತಿ ಇಳಿಯಿತು. ಇಂದ್ರಾಣಿಯ ಕಿರುಚಾಟ ಹೊರಗೆ ಬೆಂಚಿನ ಮೇಲೆ ಕೂತಿದ್ದ ಮುನಿರಾಜನಿಗೆ ಕೇಳಿಸಿತು. ಹೆಸರಿಗಷ್ಟೇ ಇದ್ದ ಮೆಷಿನ್ನು ತಡಕಾಡಿ ಎಳೆದು, ಮುಖಕ್ಕೆ ಮಾಸ್ಕ್ ಒತ್ತಿ ಅವಳ ಪ್ರಜ್ಞೆ ತಪ್ಪಿಸಿ, ಗಂಟಲಿಗೆ ಕೊಳವೆ ಇಳಿಸುವವರೆಗೆ ಕದಿರಮ್ಮ ಮಗಳ ಎರಡೂ ಕೈಗಳನ್ನು ಟೇಬಲ್ಲಿಗೆ ಒತ್ತಿ ಹಿಡಿದಿದ್ದಳು. ಹಿಡಿಯುವುದು ಅವಳ ಕೆಲಸ ತಾನೇ. ಹೆಣ್ಣುಮಗು ಚೆನ್ನಾಗಿ ಹುಟ್ಟಿತು, ತಾಯಿಯೂ ಉಳಿದಳು. ಡಾಕ್ಟರಮ್ಮನ ಲೆಕ್ಕದಲ್ಲಿ ಎಲ್ಲವೂ ಸುಖಾಂತ.

ಸಂಜೆ ಶ್ರೀಧರ್ ವಾರ್ಡಿಗೆ ಬಂದು, ನಿಜ ಹೇಳಿ, ಚೇಳೇನಾದರೂ ಕುಟ್ಟಿತ್ತೇ ಎಂದು ಕೇಳಿದರು. ಇಂದ್ರಾಣಿ ಗೋಡೆ ಕಡೆ ತಿರುಗಿದಳು. ನಾಲ್ಕು ಸಲ ಕುಟ್ಟಿದೆ, ತನಗೆ ಗೊತ್ತಿತ್ತು ಎಂದು ಕದಿರಮ್ಮ ಒಪ್ಪಿಕೊಂಡಳು. ಅದೇ ಕಾರಣ ಎಂದು ಹೇಳಲಾಗದು, ಆದರೆ ಗೊತ್ತಿದ್ದರೆ ಇಲ್ಲಿ ಕುಯ್ಯಲು ಬಿಡುತ್ತಿರಲಿಲ್ಲ ಎಂದು ಡಾಕ್ಟರು ಬೇಸರಪಟ್ಟುಕೊಂಡರು. ನೋಯುತ್ತದೆ ಎಂದು ಹುಡುಗಿ ಅಚ್ಚ ಕನ್ನಡದಲ್ಲಿ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಆ ವಿಷಯ ಅವರೂ ಎತ್ತಲಿಲ್ಲ, ಕದಿರಮ್ಮನೂ ಎತ್ತಲಿಲ್ಲ.

ಚೊಚ್ಚಲ ಬಾಣಂತನ ತವರಿನಲ್ಲಿ. ಕದಿರಮ್ಮ ರಜೆ ಹಾಕಿ, ಉರಿಗಾಂನ ಮನೆಗೆ ಸುಣ್ಣ ಬಳಿದು, ತೊಟ್ಟಿಲು ಕಟ್ಟಿ, ಬೆಳ್ಳುಳ್ಳಿ ಬಿಡಿಸಿಟ್ಟಿದ್ದಳು. ಆರನೆಯ ದಿನ ಬೆಳಿಗ್ಗೆ ಆಟೋ ಕರೆದುಕೊಂಡು ಬಂದು ನೋಡಿದರೆ, ಇಂದ್ರಾಣಿಯ ಅತ್ತೆ ಮುನಿನಾರಾಯಣಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಬೂದಿಕೋಟೆಗೆ ಹೋಗುತ್ತಾರಂತೆ. ಜನ ಏನಂದುಕೊಂಡಾರು, ತಾಯಿ ಸತ್ತವಳ ಹಾಗೆ ಅತ್ತೆ ಮನೆಯಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತೀಯಾ ಎಂದು ಕದಿರಮ್ಮ ಅಂಗಲಾಚಿದಳು, ಕೈ ಹಿಡಿದುಕೊಂಡಳು. ಮಗಳ ಮಣಿಕಟ್ಟಿನಲ್ಲಿ ಆಕೆಯದೇ ಬೆರಳಿನ ಕಂದು ಗುರುತು ಇನ್ನೂ ಮಾಸಿರಲಿಲ್ಲ.

ಇಂದ್ರಾಣಿ ಕೋಪ ಮಾಡಲಿಲ್ಲ. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಕೇಳಿದಳು.

"ನಿನ್ ಮನ್ಯಾಗೆ ನಂಗೆ ನೋವಾದ್ರೆ ಯಾರ್ಗಮ್ಮ ಯೋಳ್ಕೊಳ್ಲಿ?"