ಅಪ್ಪ ಹಾರಿಸಿದ ಎರಡು ಗುಂಡು

ನಾನು ಚಿಕ್ಕವನಿದ್ದಾಗ ಕೊಡಗು ತಾನೇ ಒಂದು ಪುಟ್ಟ ರಾಜ್ಯವಾಗಿತ್ತು, ನಮ್ಮ ಅಪ್ಪನಿಗೆ ಇಂಗ್ಲಿಷ್ ಸಿನಿಮಾದ ಹುಚ್ಚು ಹಿಡಿದಿತ್ತು. ಅಪ್ಪ ಸುಂಟಿಕೊಪ್ಪದ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರ್, ಎಂದರೆ ಲೆಕ್ಕ ನೋಡುವವರು. ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪದ ಮನುಷ್ಯ, ಸಿನಿಮಾ ಎಂದರೆ ಮಾತ್ರ ಮೈಮೇಲೆ ಎಚ್ಚರವಿರುತ್ತಿರಲಿಲ್ಲ. ಕುದುರೆ ಸವಾರರ ಚಿತ್ರ ತೆಗೆಯುವ ಒಬ್ಬ ನಿರ್ದೇಶಕನೆಂದರೆ ಅವರಿಗೆ ಪ್ರಾಣ. ಅವನ ಹೊಸ ಚಿತ್ರ ಮಡಿಕೇರಿಗೆ ಬಂದಾಗ ನನ್ನನ್ನೂ ಬಸ್ಸು ಹತ್ತಿಸಿದರು.

ಟಾಕೀಸಿನೊಳಗೆ ಬೀಡಿ ಹೊಗೆ, ಒದ್ದೆ ಕಂಬಳಿಯ ವಾಸನೆ. ಪರದೆಯ ಮೇಲೆ ಮರವೇ ಇಲ್ಲದ ಬಯಲು. ನಾಯಕ ಮಾತೇ ಆಡುತ್ತಿರಲಿಲ್ಲ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನಿಧಾನವಾಗಿ ನಡೆದು ಬಂದು, ತಟ್ಟನೆ ಎರಡು ಗುಂಡು ಹಾರಿಸಿ, ಪಿಸ್ತೂಲಿನ ಹೊಗೆ ಊದಿ ಹೊರಟುಬಿಡುತ್ತಿದ್ದ. ಸತ್ತವರು ಧೂಳಿನಲ್ಲೇ ಬಿದ್ದಿರುತ್ತಿದ್ದರು, ಅವರಿಗಾಗಿ ಯಾರೂ ಅಳುತ್ತಿರಲಿಲ್ಲ. ನಾನು ಹೆದರಿ ಅಪ್ಪನ ಕೋಟಿನಲ್ಲಿ ಮುಖ ಮುಚ್ಚಿಕೊಂಡೆ. ಅಪ್ಪ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು.

ಇನ್ನೂ ಬೆಳಕಿರುವಾಗಲೇ ಮನೆ ತಲುಪಿದೆವು. ಅಪ್ಪ ಅಂಗಳದಲ್ಲೇ ಅಕ್ಕನಿಗೆ ಕತೆ ಹೇಳತೊಡಗಿದರು. ಬಾಯಲ್ಲಿ ಹೇಳಿದರೆ ಸಾಲದೆಂದು ಒಳಗಿನಿಂದ ಜೋಡುನಳಿಗೆ ಕೋವಿ ತಂದರು, ಟೋಪಿ ಎಳೆದುಕೊಂಡರು, ನಿಧಾನವಾಗಿ ನಡೆದರು. ಆಮೇಲೆ ಆಕಾಶಕ್ಕೆ ಎರಡು ಗುಂಡು ಹಾರಿಸಿ ಹೊಗೆ ಊದಿದರು. ಅಕ್ಕನ ಮುಖ ಬಿಳಿಚಿಕೊಂಡಿತು.

ನಮ್ಮ ಕಡೆ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಒಟ್ಟೊಟ್ಟಿಗೆ ಎರಡು. ಇದು ಎಳೆಮಕ್ಕಳಿಗೂ ಗೊತ್ತು. ಸಿನಿಮಾದ ಗುಂಗಿನಲ್ಲಿ ಅಪ್ಪ ಅದನ್ನೇ ಮರೆತಿದ್ದರು.

ಗದ್ದೆಯಾಚೆಯಿಂದ ಜನ ಬರತೊಡಗಿದರು. ಗಂಡಸರ ಹೆಗಲ ಮೇಲೆ ಹಾರೆ, ಗುದ್ದಲಿ. ಹೆಂಗಸರು ಬಿಳಿ ಸೀರೆ ಉಟ್ಟೇ ಬಂದಿದ್ದರು. ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರೆಂದರೆ ಅಜ್ಜಿ, ಆದ್ದರಿಂದ ಎಲ್ಲರೂ ಅಜ್ಜಿಯನ್ನು ನೆನೆದು ಅಳುತ್ತಿದ್ದರು. ಎಲ್ಲರಿಗಿಂತ ಮುಂದೆ ಅಜ್ಜಿಯ ತಮ್ಮ, ಬರಿಗಾಲಲ್ಲಿ, ಏದುಸಿರು ಬಿಡುತ್ತ ಓಡಿಬಂದರು. ಅಜ್ಜಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ನಂಗೆ ಎಂಥದೂ ಆತ್ಲೆ. ಬನ್ನಿ, ಕಾಪಿ ಕುಡ್ದ್ ಹೋಗಿ," ಎಂದರು.

ಆ ಮುದುಕ ಅಜ್ಜಿಯ ಕಾಲ ಬಳಿ ಕುಸಿದು ಮಗುವಿನಂತೆ ಅತ್ತರು. ಆಮೇಲೆ ಅಪ್ಪನ ಕಡೆ ತಿರುಗಿ, "ಹಂಗಾರೆ ಗುಂಡ್ ಎಂತಕೆ ಹೊಡ್ದದ್, ಅಳಿಯ?" ಎಂದು ಕೇಳಿದರು.

"ಪಿಚ್ಚರ್‌ಲಿ ಅಂವ ಹಿಂಗೆ ಹೊಡ್ದ, ಮಾವ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾರೆ ಗುದ್ದಲಿಗಳನ್ನು ಸದ್ದಾಗದಂತೆ ಜಗಲಿಗೆ ಒರಗಿಸಿ, ಬೆಲ್ಲದ ಕಾಫಿ ಕುಡಿದು, ಅಜ್ಜಿಗೆ ಕೈಮುಗಿದು ಹೋದರು. ಒಬ್ಬೊಬ್ಬರಿಗೂ ಅಪ್ಪನೇ ಲೋಟ ಕೊಟ್ಟಿದ್ದರು. ಭೂಮಿ ಬಾಯಿಬಿಟ್ಟು ನಮ್ಮನ್ನು ನುಂಗಬಾರದೇ ಎನಿಸಿತು ನನಗೆ.

ಮರುವರ್ಷದ ಮಳೆಗಾಲದಲ್ಲಿ ಅಜ್ಜಿ ನಿಜವಾಗಿಯೂ ತೀರಿಕೊಂಡರು. ಕೋವಿ ಎತ್ತಲು ಅಪ್ಪನಿಗೆ ಕೈ ಬರಲಿಲ್ಲ. ಮಳೆಯಲ್ಲಿ ನೆನೆಯುತ್ತ ಮನೆಮನೆಗೆ ನಡೆದು ಹೋಗಿ ತಾವೇ ಹೇಳಿ ಬಂದರು.

ಮಕ್ಕಳೇ, ನಿಮ್ಮ ಮೊಬೈಲಿನ ಆಟದಲ್ಲಿ ಬೆಳಗಿನಿಂದ ಗುಂಡು ಹಾರುತ್ತಲೇ ಇರುತ್ತದೆ. ಸತ್ತವರು ಮತ್ತೆ ಎದ್ದು ಓಡುತ್ತಾರೆ, ನೀವು ನಗುತ್ತೀರಿ. ನಗಿ, ಬೇಡ ಎನ್ನುವುದಿಲ್ಲ. ಆದರೆ ಒಟ್ಟೊಟ್ಟಿಗೆ ಎರಡು ಗುಂಡು ಕೇಳಿದರೆ ಇವತ್ತಿಗೂ ನಾನು ಕುರ್ಚಿಯಿಂದ ಅರ್ಧ ಎದ್ದಿರುತ್ತೇನೆ, ಯಾರ ಮನೆಗೆ ಹೋಗಬೇಕೋ ಎಂದು.